ಕೆಂಪು ಚೀಟಿಯ ಸಾಲು

ಲುದಿವೀನಾಳಿಗೆ ಸ್ವಂತ ಮಕ್ಕಳಿರಲಿಲ್ಲ. ಧರ್ಮದ ಮಕ್ಕಳು ಮಾತ್ರ ಮೂವತ್ತೊಂದು. ಬಿನಾಂಗೊ ದ್ವೀಪದಲ್ಲಿ ಪಾದ್ರಿಗಳನ್ನು ಬಿಟ್ಟರೆ ಇಷ್ಟು ಕೂಸುಗಳ ಜ್ಞಾನಸ್ನಾನಕ್ಕೆ ನಿಂತವರು ಇನ್ನೊಬ್ಬರಿಲ್ಲ. ಇದಕ್ಕೆ ಕಾರಣ ಅವಳ ಭಕ್ತಿಯಲ್ಲ, ಅವಳ ಕೆಲಸ. ಬೇಕರಿಯ ಮೇಲಿನ ಮಹಡಿಯಲ್ಲಿ ದ್ವೀಪದ ಇಂಟರ್ನೆಟ್ ಸಹಕಾರ ಸಂಘದ ಆಫೀಸಿತ್ತು, ಅಲ್ಲಿನ ಯಂತ್ರಗಳೆಲ್ಲ ಹತ್ತು ವರ್ಷದಿಂದ ಅವಳ ಕೈಯಲ್ಲಿದ್ದವು. ಗಂಡ ದುಬೈಯಲ್ಲಿ, ಮಗಳು ಹಾಂಗ್‌ಕಾಂಗಿನಲ್ಲಿ, ತಮ್ಮ ಹಡಗಿನಲ್ಲಿ ಎಂದು ಅರ್ಧ ಊರೇ ಪರದೆಯ ಮೇಲೆ ಸಂಸಾರ ನಡೆಸುವ ಜಾಗದಲ್ಲಿ ಅಂಥವಳನ್ನು ಯಾರು ತಾನೇ ನೆಂಟಳನ್ನಾಗಿ ಮಾಡಿಕೊಳ್ಳುವುದಿಲ್ಲ? ಕೂಸಿಗೆ ಧರ್ಮತಾಯಿಯಾಗು ಎಂದು ಕೇಳಿದರೆ ಒಲ್ಲೆ ಅನ್ನುವಂತಿಲ್ಲ, ಹಾಗಂದರೆ ಕೂಸಿಗೂ ಅಂದವಳಿಗೂ ಕೇಡು. ಒಪ್ಪಿಕೊಂಡ ಮೇಲೆ ಕೂಸಿನ ತಾಯಿ ನಿನಗೆ ‘ಮಾರೆ’ ಆಗುತ್ತಾಳೆ, ಒಡಹುಟ್ಟಿದವಳಿಗಿಂತ ಒಂದು ಕೈ ಹೆಚ್ಚು. ಮಾರೆ ಕೇಳಿದ್ದಕ್ಕೂ ಒಲ್ಲೆ ಅನ್ನುವಂತಿಲ್ಲ.

ಮಾರೆಯರು ಕೇಳುತ್ತಿದ್ದದ್ದೂ ಒಂದೇ. “ಮಾರೆ, ನಮ್ಮನೆ ಕಡೆ ಸ್ವಲ್ಪ ಕಣ್ಣಿಡೇ. ಅವ್ರು ದುಬೈಯಿಂದ ಮಾತಾಡ್ತಾ ಮಾತಾಡ್ತಾ ಬಾಯಿ ತೆಕ್ಕೊಂಡು ನಿಂತ್ಬಿಡ್ತಾರೆ. ನೋಡೋಕೆ ಮೀನಿದ್ದಂಗೆ ಕಾಣ್ತಾರೆ.”

ಊರಿಗೆಲ್ಲ ಲುದಿವೀನಾ ಬರೀ ವಿನಾ. ವಿನಾ ಕಣ್ಣಿಡುತ್ತಿದ್ದಳು. ದ್ವೀಪದಿಂದ ಹೊರಗೆ ಹೋಗುವ ಮಾತು, ಚಿತ್ರ, ಪತ್ರ ಎಲ್ಲವೂ ಸಣ್ಣ ಸಣ್ಣ ಪ್ಯಾಕೆಟ್‌ಗಳಾಗಿ ಒಡೆದುಕೊಂಡು ಅವಳ ಬೆನ್ನ ಹಿಂದಿನ ಕಪ್ಪು ಪೆಟ್ಟಿಗೆಯ ಬಾಗಿಲಲ್ಲಿ ಸಾಲು ನಿಲ್ಲುತ್ತವೆ. ಸಾಲುಗಳು ಮೂರು. ಕೆಂಪು ಚೀಟಿ ಅಂಟಿದ ಪ್ಯಾಕೆಟ್‌ಗಳದ್ದು ಮೊದಲ ಸಾಲು. ಅಲ್ಲಿ ಒಂದೇ ಒಂದು ಉಳಿದಿದ್ದರೂ ಮಿಕ್ಕ ಎರಡು ಸಾಲು ತೆಪ್ಪಗೆ ಕಾಯಬೇಕು. ದೂರವಾಣಿ, ಪೊಲೀಸು, ಕರಾವಳಿ ಕಾವಲಿನವರು, ಇಂಥವರಿಗೆ ಎಂದು ಮಾಡಿದ ಸಾಲು ಅದು. ಚೀಟಿ ಎಂದರೆ ಕಾಗದದ್ದೇನಲ್ಲ, ಪೆಟ್ಟಿಗೆಯೊಳಗಿನ ಪಟ್ಟಿಯಲ್ಲಿ ಆ ಮನೆಯ ನಂಬರು ಬರೆದರೆ ಮುಗಿಯಿತು. ವಿನಾ ನಂಬರು ಬರೆದು, ನೆನಪಿಗಿರಲಿ ಎಂದು ಪಕ್ಕದಲ್ಲಿ ಧರ್ಮದ ಮಗುವಿನ ಹೆಸರು ಸೇರಿಸುತ್ತಿದ್ದಳು. ಮಾರನೆಯ ದಿನ ಮಾರೆ ಬಾಳೆಎಲೆಯಲ್ಲಿ ಬಿಬಿಂಕಾ ಕಡುಬು ಸುತ್ತಿಕೊಂಡು ಬರುತ್ತಿದ್ದಳು. “ಈಗ ಕನ್ನಡಿ ಹಂಗೆ ಕಾಣ್ತಾರೆ ಕಣೇ! ಹಲ್ಲಲ್ಲಿ ಸಿಕ್ಕಿರೋ ಸೊಪ್ಪೂ ಕಾಣತ್ತೆ!”

ಇದರಲ್ಲೊಂದು ಗುಟ್ಟಿತ್ತು. ಆ ಕೆಂಪು ಚೀಟಿಯಿಂದ ಏನೂ ಆಗುತ್ತಿರಲಿಲ್ಲ. ದೊಡ್ಡ ಪಟ್ಟಣ ಸೆಬುವಿನಿಂದ ಸಮುದ್ರದಡಿ ಬಂದ ಕೇಬಲ್ ಎಷ್ಟು ಅಗಲವೆಂದರೆ ಬಾಗಿಲಲ್ಲಿ ಸಾಲೇ ನಿಲ್ಲುತ್ತಿರಲಿಲ್ಲ, ಬಂದದ್ದು ಬಂದ ಹಾಗೇ ಹೋಗುತ್ತಿತ್ತು. ಹೊಳೆ ನೀರಿಗೆ ದೊಣೆನಾಯಕನ ಅಪ್ಪಣೆ ಯಾಕೆ? ಮಾರೆಯರ ಮನೆಯ ತೊಂದರೆ ಹಳೆಯ ಫೋನಿನದ್ದೋ, ದುಬೈ ಕಡೆಯದ್ದೋ ಆಗಿರುತ್ತಿತ್ತು, ಎರಡು ದಿನಕ್ಕೆ ತಾನಾಗಿ ಸರಿಹೋಗುತ್ತಿತ್ತು. ವಿನಾ ಸಕ್ಕರೆ ನೀರನ್ನು ಔಷಧಿ ಎಂದು ಕೊಟ್ಟು ಹೆಸರು ತೆಗೆದುಕೊಳ್ಳುತ್ತಿದ್ದಳು. ಯಾರಿಗೂ ನಷ್ಟವಿಲ್ಲದ ಉಪಕಾರ, ಇರಲಿ ಬಿಡು ಎಂದುಕೊಂಡಿದ್ದಳು. ನಷ್ಟವಿಲ್ಲದ ಉಪಕಾರವೆಂಬುದು ಲೋಕದಲ್ಲಿ ಇದೆಯೇ ಎಂದು ಅವಳು ಒಮ್ಮೆ ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಜನವರಿಯ ಆ ಶನಿವಾರ ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ದಾರಿ ಎಷ್ಟು ಹೊರುತ್ತಿದೆ ಎಂದು ತೋರಿಸುವ ಪರದೆಯ ಮೇಲಿನ ಹಸಿರು ಗೆರೆ ಪಾತಾಳಕ್ಕೆ ಬಿತ್ತು.

ವೈರ್‌ಲೆಸ್‌ನಲ್ಲಿ ತಿಬೋನ ದನಿ ಬಂತು. ಅವನು ಸಂಘದ ಲೈನ್‌ಮನ್, ಐವತ್ತೈದರವನು; ಅವಳನ್ನು ತಂಗಿಯಂತೆ ‘ದಾಯ್’ ಎನ್ನುತ್ತಿದ್ದ, ಅವಳಿಗೆ ಅವನು ‘ನೊಂಗ್’, ಅಣ್ಣ. ಆ ಹೊತ್ತಿಗೆ ಗುಡ್ಡದ ಗೋಪುರದ ಬುಡದಲ್ಲಿದ್ದ. “ದಾಯ್, ಕೇಬಲ್ ಹೋಯ್ತು. ಮರಳು ತೆಗೆಯೋ ಹಡಗಿನೋನು ಲಂಗರು ಎಳ್ಕೊಂಡೇ ಹೋಗಿದಾನಂತೆ, ಕಾವಲಿನೋರು ಈಗ ಹೇಳಿದ್ರು. ಒಂದು ವಾರ ಅಂತೂ ಇಲ್ಲ.”

“ಗೋಪುರ ಎದ್ದಿದೆಯಾ, ನೊಂಗ್?”

“ಎದ್ದಿದೆ. ಆದ್ರೆ ಗಾಳಿ ನೋಡು, ತಟ್ಟೆ ತಲೆ ಆಡಿಸ್ತಾ ಇದೆ. ನಾನು ತಬ್ಕೊಂಡು ಕೂತಿದೀನಿ. ಮದುವೆಯಾದ ಹೊಸದ್ರಲ್ಲೂ ಹೆಂಡ್ತೀನ ಇಷ್ಟು ತಬ್ಬಿರ್ಲಿಲ್ಲ.”

ಗೋಪುರದ ತಟ್ಟೆ ಎದುರಿನ ದೊಡ್ಡ ದ್ವೀಪಕ್ಕೆ ಗಾಳಿಯಲ್ಲೇ ಅಲೆ ಕಳಿಸುತ್ತದೆ. ಕಷ್ಟಕಾಲಕ್ಕೆ ಇಟ್ಟ ದಾರಿ ಅದು. ಕೇಬಲ್ಲು ಹೆದ್ದಾರಿಯಾದರೆ ಇದು ಗದ್ದೆಯ ಬದು. ಇಡೀ ದ್ವೀಪ ಈಗ ಆ ಬದುವಿನ ಮೇಲೆ ಒಟ್ಟಿಗೆ ಕಾಲಿಟ್ಟಿತ್ತು. ಶನಿವಾರ ಬೇರೆ, ಹೊರದೇಶದವರೆಲ್ಲ ಮನೆಗೆ ಮಾತಾಡುವ ದಿನ. ಮೇಯರ್ ಹೊಸ ಮೀನು ಮಾರುಕಟ್ಟೆಯ ರಿಬ್ಬನ್ ಕತ್ತರಿಸುವುದನ್ನು ನೇರ ತೋರಿಸುತ್ತಿದ್ದರು. ಹತ್ತು ಗಂಟೆಗೆ ಮುದುಕ ಇಕ್ಕೋನ ಮಣ್ಣು, ಅದನ್ನೂ ಹಡಗಿನಲ್ಲಿರುವ ಮಗನಿಗೆ ನೇರ ತೋರಿಸಬೇಕಿತ್ತು.

ಹತ್ತು ವರ್ಷದಲ್ಲಿ ಮೊದಲ ಬಾರಿ ಬಾಗಿಲಲ್ಲಿ ಸಾಲು ನಿಂತಿತು. ಕೆಂಪು ಚೀಟಿಗಳಿಗೆಲ್ಲ ಒಮ್ಮೆಗೇ ಜೀವ ಬಂತು.

ಒಂಬತ್ತೂ ಇಪ್ಪತ್ತಕ್ಕೆ ಫೋನು ಬಡಿದುಕೊಂಡಿತು. ಯಾವುದೋ ಎಳೆಯ ಗಂಡಸಿನ ದನಿ, ಗುರುತಿನದಲ್ಲ.

“ಮ್ಯಾಮ್, ನಾನು ಆಸ್ಪತ್ರೆಯಿಂದ, ಡಾಕ್ಟರ್ ಕಿಲಾತೋನ್. ಇಂಟರ್ನೆಟ್ ನೋಡ್ಕೊಳ್ಳೋರು ನೀವೇನಾ? ಇಲ್ಲಿ ಹನ್ನೊಂದು ವರ್ಷದ ಹುಡುಗಿ ಇದಾಳೆ. ಹೃದಯದ ಸುತ್ತ ನೀರು ತುಂಬ್ಕೊಂಡಿದೆ, ಹೃದಯ ಹಿಗ್ಗೋಕೆ ಜಾಗ ಇಲ್ಲ. ಸೂಜಿ ಹಾಕಿ ತೆಗೀಬೇಕು. ನಾನು ಯಾವತ್ತೂ ಮಾಡಿಲ್ಲ. ಸೆಬುವಿನ ಹೃದಯದ ಡಾಕ್ಟರು ನಮ್ಮ ಸ್ಕ್ಯಾನ್ ಚಿತ್ರ ನೋಡ್ತಾ, ಎಲ್ಲಿ ಚುಚ್ಬೇಕು, ಎಷ್ಟು ಒಳಗೆ ಹೋಗ್ಬೇಕು ಅಂತ ಹೇಳ್ತಾರೆ. ಆದ್ರೆ ಚಿತ್ರ ನಾಲ್ಕು ಸೆಕೆಂಡಿಗೊಂದ್ಸಲ ಹೆಪ್ಪುಗಟ್ತಾ ಇದೆ.”

“ದೋಣೀಲಿ ಕಳ್ಸೋಕೆ ಆಗಲ್ವಾ?”

“ಸಮುದ್ರಕ್ಕೆ ಯಾರನ್ನೂ ಬಿಡ್ತಾ ಇಲ್ಲ, ಮ್ಯಾಮ್. ಬಿಟ್ಟಿದ್ರೂ ದಾರೀಲೇ…” ಅವನು ಸೂಜಿಯ ಮಾತಿಗೆ ಹೊರಳಿದ. “ಸೂಜಿ ಅರ್ಧ ಬೆರಳು ಮುಂದೆ ಹೋದ್ರೆ ಹೃದಯಕ್ಕೇ ಚುಚ್ಚತ್ತೆ. ಕಣ್ಣು ಕಟ್ಕೊಂಡು ನನ್ನ ಕೈಲಿ ಆಗಲ್ಲ. ಒಂದು ಗಂಟೆ ಇದೆ ಅಂತಾರೆ. ಅಷ್ಟೂ ಇಲ್ವೇನೋ.”

“ಫೋನ್ ಇಡ್ಬೇಡಿ. ಪಕ್ಕದಲ್ಲಿಟ್ಕೊಂಡಿರಿ. ನೀವು ಕೆಂಪು ಸಾಲಲ್ಲಿ ಇರ್ತೀರ, ಏನೋ ಎಡವಟ್ಟಾಗಿದೆ, ನೋಡ್ತೀನಿ,” ಎಂದಳು ವಿನಾ.

ಪಟ್ಟಿ ತೆರೆದಳು. ಮೇಲಿನಿಂದ ಕೆಳಗೆ ನೋಡಿದಳು. ಕೆಳಗಿನಿಂದ ಮೇಲೆ ನೋಡಿದಳು. ಮೇಯರ್ ಆಫೀಸಿತ್ತು. ಚರ್ಚಿತ್ತು. ಕೋಳಿ ಅಂಕದ ಕಣವಿತ್ತು, ಅದರ ಯಜಮಾನನ ಮಗ ಅವಳ ಹದಿನೇಳನೆಯ ಧರ್ಮಪುತ್ರ. ಅವಳದೇ ಮನೆಯಿತ್ತು. ಆಸ್ಪತ್ರೆ ಇರಲಿಲ್ಲ.

ಹುಡುಕಿದಾಗ ಮೂರನೆಯ ಸಾಲಿನಲ್ಲಿ ಸಿಕ್ಕಿತು. ಕಾಸು ಹಾಕಿದರೆ ಐದು ನಿಮಿಷ ವೈಫೈ ಕೊಡುವ ಅಂಗಡಿಬೀದಿಯ ಡಬ್ಬಿಗಳ ಜೊತೆ, ಎರಡು ವರ್ಷದ ಹಿಂದೆ ಕಂಟ್ರಾಕ್ಟರ್ ಎಲ್ಲಿ ಬಿಟ್ಟು ಹೋಗಿದ್ದನೋ ಅಲ್ಲೇ ಇತ್ತು. ಅದನ್ನು ಮೇಲೆ ತಾ ಎಂದು ಯಾರೂ ಬಂದು ಕೇಳಿರಲಿಲ್ಲ. ಅಲ್ಲಿನ ಡಾಕ್ಟರುಗಳು ಹೊರಗಿನಿಂದ ಬಂದು ಆರು ತಿಂಗಳಿಗೆ ಹೋಗುವವರು; ಅವರಿಗಿಲ್ಲಿ ಮದುವೆಯಿಲ್ಲ, ಕೂಸಿಲ್ಲ, ಜ್ಞಾನಸ್ನಾನವಿಲ್ಲ. ಅಳುವ ಮಗುವಿಗಷ್ಟೇ ಹಾಲು ಹಾಕುತ್ತಾ ಬಂದಿದ್ದಳು ವಿನಾ. ಅಳದೆ ಬಿದ್ದಿದ್ದ ಮಗುವಿನ ಕಡೆ ಅವಳ ಕಣ್ಣು ಹೋಗಿರಲೇ ಇಲ್ಲ. ನಾಚಿಕೆಯಿಂದ ಅವಳ ಕಿವಿ ಕಾದವು.

ಆಸ್ಪತ್ರೆಯ ನಂಬರನ್ನು ಮೊದಲ ಸಾಲಿಗೆ ಬರೆದಳು. ಹೆಸರಿನ ಖಾನೆ ಖಾಲಿ ಬಿಟ್ಟಳು. ಪೆಟ್ಟಿಗೆ ಹಳೆಯದು, ಪ್ರತಿ ಬದಲಾವಣೆಗೂ ಅರ್ಧ ನಿಮಿಷ ಯೋಚನೆ ಮಾಡುತ್ತದೆ. ಮಾಡಿತು.

“ಈಗ ಹೇಗಿದೆ, ಡಾಕ್ಟ್ರೇ?”

“ಮೂರು ಸೆಕೆಂಡಿಗೊಂದ್ಸಲ ನಿಲ್ತಾ ಇದೆ.”

ಆಗಬೇಕಾದ್ದೇ. ಎಲ್ಲರೂ ಪಲ್ಲಕ್ಕಿ ಹತ್ತಿದರೆ ಹೊರುವವರು ಯಾರು? ಕೆಂಪು ಸಾಲೇ ಬದುವಿನ ತುಂಬ ನಿಂತಿತ್ತು. ಇಡೀ ಪಟ್ಟಿಯನ್ನು ಒಂದೇ ಏಟಿಗೆ ಅಳಿಸೋಣವೆಂದರೆ ಅದರಲ್ಲೇ ದೂರವಾಣಿಯೂ ಇದೆ, ಗೋಪುರದ ತಟ್ಟೆಯೂ ಎದುರು ದ್ವೀಪದ ತಟ್ಟೆಯೂ ತಮ್ಮತಮ್ಮಲ್ಲಿ ಆಡುವ ಮಾತೂ ಇದೆ. ಅದು ತಪ್ಪಿದರೆ ಬದುವೂ ಮುರಿಯುತ್ತದೆ. ಒಂದೊಂದಾಗಿ ಕೀಳುವುದಲ್ಲದೆ ಬೇರೆ ದಾರಿಯಿರಲಿಲ್ಲ. ನಂಬರು ತಾಳೆ ನೋಡಿ ಕೀಳಬೇಕು, ಆಮೇಲೆ ಒಂದೊಂದಕ್ಕೂ ಪೆಟ್ಟಿಗೆಯ ಅರ್ಧ ನಿಮಿಷ.

ಮೊದಲು ತನ್ನ ಮನೆಯನ್ನು ಕಿತ್ತಳು. ಆಮೇಲೆ ಕೋಳಿ ಅಂಕ. ಆಮೇಲೆ ಆಯ್ರಾ, ಅವಳ ಮೊಟ್ಟಮೊದಲ ಧರ್ಮಪುತ್ರಿ, ಈ ಕೆಲಸಕ್ಕೆ ಸೇರುವ ಎಷ್ಟೋ ಮುಂಚಿನವಳು, ಈಗ ಸೆಬುವಿನಲ್ಲಿ ನರ್ಸಿಂಗ್ ಓದುತ್ತಿರುವವಳು. ಆಮೇಲೆ ಜುನ್ರಿಲ್, ಕ್ರಿಸ್ಟೆಲ್, ಅವಳಿ ಮಕ್ಕಳಾದ ಡೈನ್ ಮತ್ತು ಡೈಲ್. ಒಂದೊಂದು ಹೆಸರು ಹೋದಾಗಲೂ ಹಣೆಗೆ ನೀರು ಹಾಕಿದಾಗ ಕಿರುಚಿದ ಆ ಮುಖ ಕಣ್ಣ ಮುಂದೆ ಬರುತ್ತಿತ್ತು. ಹತ್ತನೆಯದಕ್ಕೆ ಅವಳ ಮೊಬೈಲು ಶುರುವಾಯಿತು.

“ಮಾರೆ, ಅವ್ರು ಮತ್ತೆ ಮೀನಾದ್ರು ಕಣೇ!”

“ಮಾರೆ, ಏನಾಯ್ತೇ, ನಮ್ಮೇಲೆ ಸಿಟ್ಟಾ?”

ವಿನಾ ಮುಂದಿನ ಹೆಸರಿಗೆ ಹೋದಳು. ಹದಿನಾಲ್ಕನೆಯದು ಮೇಯರ್ ಆಫೀಸು. ಪಕ್ಕದಲ್ಲಿ ಬರೆದದ್ದು ‘ಚೆಲ್ಸಿ’, ಮೇಯರ್ ಕಾರ್ಯದರ್ಶಿ ಚೋನಾಳ ಮಗಳು. ಕಿತ್ತು ಇಪ್ಪತ್ತು ಸೆಕೆಂಡಾಗಿರಲಿಲ್ಲ, ಚೋನಾ ಲೈನಿನಲ್ಲಿದ್ದಳು.

“ಮಾರೆ! ಕತ್ತರಿ ಎತ್ಕೊಂಡು, ಬಾಯಿ ಅಗಲಿಸ್ಕೊಂಡು ಮೇಯರ್ ನಿಂತ್ಬಿಟ್ಟಿದಾರೆ. ಊರೆಲ್ಲ ನಗ್ತಾ ಇದೆ. ಕೆಳಗೆ ಒಬ್ಬ ‘ಕಚ್ತಾರೆ ಹುಷಾರು’ ಅಂತ ಬರ್ದಿದಾನೆ!”

“ನಾನೇ ನಿಲ್ಸಿದ್ದು, ಚೋನಾ. ಆಸ್ಪತ್ರೇಲಿ ಮಗು ಸಾಯ್ತಾ ಇದೆ.”

“ಅಯ್ಯೋ ಪಾಪ. ಯಾರ ಮಗು?”

“ಗೊತ್ತಿಲ್ಲ.”

“ಗೊತ್ತಿಲ್ದೇ ಇರೋರಿಗೋಸ್ಕರ ಮೇಯರನ್ನ ನಿಲ್ಸಿದ್ಯಾ?” ಚೋನಾಳ ಅಚ್ಚರಿ ನಿಜವಾದದ್ದೇ. ಬಿನಾಂಗೊದಲ್ಲಿ ಗೊತ್ತಿಲ್ಲದವರು ಎಂಬುವರು ಇರುವುದಿಲ್ಲ.

ಸಂಘದ ಮ್ಯಾನೇಜರ್ ಇಬಾನ್ಯೆಸ್ ಅದರ ಬೆನ್ನಿಗೇ ಲೈನಿಗೆ ಬಂದರು. ಅವರು ರಿಬ್ಬನ್ನಿನ ಇನ್ನೊಂದು ತುದಿ ಹಿಡಿದು ನಿಂತಿದ್ದವರು. “ಲುದಿವೀನಾ, ಎರಡು ನಿಮಿಷದಲ್ಲಿ ಮೇಯರ್ ವಾಪಸ್ ಬರ್ಬೇಕು. ಇಲ್ದಿದ್ರೆ ಸೋಮವಾರ ನೀನು ಬರೋದು ಬೇಡ.”

“ನೀವೇ ಬಂದು ಹಾಕಿ ಸರ್. ಪಾಸ್‌ವರ್ಡು ಬಾಲಯೇಸು ಮೂರ್ತಿ ಕೆಳಗೆ ಚೀಟೀಲಿದೆ. ಬರೋವಾಗ ಆ ಮಗು ಅಮ್ಮಂಗೆ ಏನು ಹೇಳ್ಬೇಕು ಅಂತ ಯೋಚ್ನೆ ಮಾಡ್ಕೊಂಡ್ಬನ್ನಿ.”

ಹತ್ತು ವರ್ಷದಲ್ಲಿ ಯಾರಿಗೂ ಹೀಗೆ ಎದುರಾಡಿರಲಿಲ್ಲ ವಿನಾ. ಮೊಬೈಲನ್ನು ಮಗುಚಿಟ್ಟು ಹದಿನೈದನೆಯದನ್ನು ಕಿತ್ತಳು.

ಹತ್ತು ಗಂಟೆಗೆ ಅವಳು ಸೇರಿಸಿದ್ದರಲ್ಲಿ ಒಂದೇ ಒಂದು ಉಳಿಯಿತು. ಡಾಕ್ಟರನ ದನಿಗೆ ಜೀವ ಬಂದಿತ್ತು. “ಮ್ಯಾಮ್, ಈಗ ಚಿತ್ರ ಓಡ್ತಾ ಇದೆ! ಸೆಬುವಿನೋರಿಗೆ ಕಾಣ್ತಾ ಇದೆ. ನಾವು ಚರ್ಮ ತೊಳೆದು, ಮರಗಟ್ಸೋಕೆ ಔಷಧಿ ಕೊಡ್ತಾ ಇದೀವಿ. ಹತ್ತು ನಿಮಿಷ ಹೀಗೇ ಹಿಡೀರಿ ಸಾಕು.”

ಉಳಿದಿದ್ದ ಆ ಒಂದರ ಪಕ್ಕದಲ್ಲಿ ‘ಪ್ರಿನ್ಸೆಸ್ ಜಾಯ್’ ಎಂದಿತ್ತು. ಇಕ್ಕೋನ ಮೊಮ್ಮಗಳು. ಇಕ್ಕೋನ ಒಬ್ಬನೇ ಮಗ ವೆಲ್ಮರ್ ಸರಕು ಹಡಗಿನಲ್ಲಿ ಬ್ರೆಜಿಲ್ ಕಡೆಯ ಸಮುದ್ರದ ಮೇಲಿದ್ದ, ಅಪ್ಪನ ಮಣ್ಣಿಗೆ ಬರಲಾಗಿರಲಿಲ್ಲ. ಗುರುವಾರ ಫೋನು ಮಾಡಿ ಮಗುವಿನಂತೆ ಅತ್ತಿದ್ದ. “ನಾಂಗ್ ವಿನಾ, ಅಕ್ಕಾ, ನಾನು ನಿಮ್ಮನ್ನ ಯಾವತ್ತೂ ಏನೂ ಕೇಳಿಲ್ಲ. ಅಪ್ಪ ಮಣ್ಣಿಗಿಳಿಯೋದು ನನಗೆ ಕಾಣ್ಬೇಕು. ಮಗೂನ ಪೆಟ್ಟಿಗೆ ಮೇಲಿಂದ ದಾಟ್ಸೋದು ಕಾಣ್ಬೇಕು. ಅಷ್ಟೇ.” ಸತ್ತ ಅಜ್ಜ ಮೊಮ್ಮಕ್ಕಳ ಹಿಂದೆ ಬರದಿರಲಿ ಎಂದು ಅವರನ್ನು ಶವಪೆಟ್ಟಿಗೆಯ ಈಚೆಯಿಂದ ಆಚೆ ಕೈಗೆ ದಾಟಿಸುವುದು ಅಲ್ಲಿಯ ಪದ್ಧತಿ. ವಿನಾ ಮಾತು ಕೊಟ್ಟಿದ್ದಳು. ತಿಬೋ ನಿನ್ನೆ ಸ್ಮಶಾನದ ಗೋಡೆಯ ಮೇಲೆ ಆಂಟೆನಾ ಕಟ್ಟಿ ಬಂದಿದ್ದ. ಒಂದು ಚಿತ್ರವೂ ತುಂಡಾಗುವುದಿಲ್ಲ ಎಂದು ಅವಳೇ ಹೇಳಿದ್ದಳು.

ಎರಡೂ ಹಿಡಿಸುತ್ತವೆ ಎಂದು ಲೆಕ್ಕ ಹಾಕಿದಳು. ಸೂಜಿಯೂ, ಮಣ್ಣೂ. ಬದುವಿನ ಮೇಲೆ ಇಬ್ಬರು ಹೋಗಬಹುದು. ಪರದೆಯ ಮೂಲೆಯಲ್ಲಿ ಸ್ಮಶಾನದ ಚಿತ್ರ ತೆರೆದಳು: ಬಿಳಿ ಪೆಟ್ಟಿಗೆ, ಗಾಳಿಗೆ ಹಾರುವ ಪಾದ್ರಿಯ ನಿಲುವಂಗಿ, ಕಪ್ಪು ಬಟ್ಟೆಯಲ್ಲಿ ವೆಲ್ಮರ್‌ನ ಹೆಂಡತಿ ಜೆಸ್ಸಾ. ಮೂರು ವರ್ಷದ ಪ್ರಿನ್ಸೆಸ್ ಜಾಯ್ ಕೆಂಪು ಫ್ರಾಕು ಹಾಕಿಕೊಂಡು ಬಿಸ್ಕತ್ತು ತಿನ್ನುತ್ತಿದ್ದಳು.

“ದಾಯ್,” ಎಂದ ತಿಬೋ ವೈರ್‌ಲೆಸ್‌ನಲ್ಲಿ. ಈ ಸಲ ದನಿಯಲ್ಲಿ ತಮಾಷೆಯಿರಲಿಲ್ಲ. “ಉತ್ತರದಿಂದ ಮಳೆ ಬರ್ತಾ ಇದೆ. ಸಮುದ್ರದ ಮೇಲೆ ಪರದೆ ಬಿಟ್ಟಂಗಿದೆ. ನೇರ ನಮ್ಮ ಅಲೆ ದಾರಿಗೇ.”

“ಎಷ್ಟು ಹೊತ್ತು?”

“ಆಗ್ಲೇ ಬಂತು ಅಂದ್ಕೋ.”

ಮಳೆ ಎಂದರೆ ಗೋಪುರದ ಅಲೆಗೆ ಗೋಡೆ. ಹಸಿರು ಗೆರೆ ಒಂದು ಮೆಟ್ಟಿಲು ಇಳಿಯಿತು. ಮತ್ತೊಂದು ಇಳಿಯಿತು. ಸ್ಮಶಾನದ ಚಿತ್ರ ಒಮ್ಮೆ ತಡವರಿಸಿತು.

“ಮ್ಯಾಮ್! ನಿಂತಿತು, ನಿಂತಿತು! ಸೂಜಿ ಒಳಗೆ ಹೋಗಿದೆ, ಮ್ಯಾಮ್, ಎಲ್ಲಿದೆ ಅಂತ ಅವ್ರಿಗೆ ಕಾಣ್ತಾ ಇಲ್ಲ!”

“ಅಲ್ಲಾಡ್ಬೇಡಿ. ಹಂಗೇ ಹಿಡ್ಕೊಳ್ಳಿ.”

ಇನ್ನೊಂದು ಕೈಯಲ್ಲಿ ಜೆಸ್ಸಾಳಿಗೆ ಫೋನು ಹಚ್ಚಿದಳು. ಪರದೆಯಲ್ಲಿ ಜೆಸ್ಸಾ ಚೀಲ ತಡಕಿ ಫೋನು ಕಿವಿಗಿಟ್ಟದ್ದು ಕಂಡಿತು.

“ಮಾರೆ, ಪಾದ್ರಿಗೆ ಹೇಳು. ಐದು ನಿಮಿಷ ನಿಲ್ಸು.”

“ಹೆಂಗೆ ನಿಲ್ಲಿಸ್ಲಿ ಮಾರೆ, ಮಳೆ ಬಂತು, ಗುಂಡೀಲಿ ನೀರು ನಿಂತ್ರೆ ಅವ್ರನ್ನ ನೀರಿಗೆ ಇಳಿಸ್ಬೇಕಾಗತ್ತೆ. ಈಗ್ಲೇ ಮಗೂನ ಎತ್ತಿದಾರೆ ನೋಡು. ವೆಲ್ಮರ್ ನೋಡ್ತಾ ಇದಾರೆ, ಅಲ್ಲಿಂದ ‘ಹುಷಾರು, ಹುಷಾರು’ ಅಂತಿದಾರೆ. ಎರಡೇ ನಿಮಿಷ, ಮಾರೆ. ಯಾಕೆ?”

“ಮ್ಯಾಮ್,” ಎಂದ ಡಾಕ್ಟರ್, ಇನ್ನೊಂದು ಕಿವಿಯಲ್ಲಿ. ಅವನು ಕೂಗುವುದನ್ನೂ ಬಿಟ್ಟಿದ್ದ. “ನಾಡಿ ಸಿಗ್ತಾ ಇಲ್ಲ, ಮ್ಯಾಮ್.”

ಪರದೆಯ ಮೂಲೆಯಲ್ಲಿ ಕೆಂಪು ಫ್ರಾಕು ಗಾಳಿಯಲ್ಲಿ ಎದ್ದಿತ್ತು, ಬಿಸ್ಕತ್ತು ಇನ್ನೂ ಕೈಯಲ್ಲೇ ಇತ್ತು, ಪೆಟ್ಟಿಗೆಯ ಆಚೆ ಬದಿಯಿಂದ ಯಾರದೋ ಎರಡು ಕೈ ಚಾಚಿದ್ದವು. ವಿನಾ ಕಡೆಯ ಹೆಸರನ್ನು ಅಳಿಸಿದಳು.

ಅರ್ಧ ನಿಮಿಷ ಬೆನ್ನ ಹಿಂದಿನ ಕಪ್ಪು ಪೆಟ್ಟಿಗೆ ಯೋಚನೆ ಮಾಡಿತು. ಆ ಅರ್ಧ ನಿಮಿಷ ಅವಳು ಎರಡು ಕಡೆಯೂ ಕೇಳಿಸಿಕೊಂಡಳು. ಒಂದು ಕಡೆ ಯಾವುದೋ ಯಂತ್ರದ ಒಂದೇ ಸಮನೆ ಕೂಗು, ಇನ್ನೊಂದು ಕಡೆ ಸ್ಮಶಾನದ ಹಾಡು. ಆಮೇಲೆ ಮಗು ಗಾಳಿಯಲ್ಲೇ ನಿಂತಿತು, ಈಚೆಯ ಕೈಯಲ್ಲೂ ಇಲ್ಲ, ಆಚೆಯ ಕೈಯಲ್ಲೂ ಇಲ್ಲ. ಚಿತ್ರ ಕಪ್ಪಾಯಿತು.

“ಬಂತು!” ಎಂದ ಡಾಕ್ಟರ್. ಬೇರೆ ಯಾರೋ, ಸೆಬುವಿನ ಡಾಕ್ಟರಮ್ಮನೇ ಇರಬೇಕು, ಸ್ಪೀಕರಿನಲ್ಲಿ ಅವನಿಗೆ ನಿಧಾನವಾಗಿ ಹೇಳುತ್ತಿದ್ದಳು: “ಸ್ವಲ್ಪ ಎಡಕ್ಕೆ ಮಗೂ. ಇನ್ನೂ ಸ್ವಲ್ಪ. ಅಲ್ಲೇ. ಒಂದು ಕೂದಲೆಳೆ ಮುಂದೆ. ಹಾಂ, ಎಳಿ ಈಗ.” ಹೊರಗೆ ಮಳೆ ತಗಡಿನ ಮೇಲೆ ಬಡಿಯುತ್ತಿತ್ತು. ವಿನಾ ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದಳು, ಉಸಿರು ಬಿಟ್ಟರೆ ಪ್ಯಾಕೆಟ್‌ಗೆ ಅಡ್ಡ ಬಂದೀತು ಎಂಬಂತೆ. ಎಷ್ಟು ಹೊತ್ತಾಯಿತೋ. ಯಂತ್ರದ ಕೂಗು ನಿಂತಿತು.

“ಡಾಕ್ಟ್ರೇ?”

ಆಮೇಲೆ ಅದೇ ಯಂತ್ರ ಬೇರೆ ರೀತಿ ಶುರುಮಾಡಿತು. ಟಿಕ್, ಟಿಕ್, ಟಿಕ್.

“ಒಂದು ಲೋಟದಷ್ಟು ತೆಗೆದಿದೀವಿ, ಮ್ಯಾಮ್,” ಎಂದ ಆ ಎಳೆಯ ಡಾಕ್ಟರ್. ಅವನು ಅಳುತ್ತಿದ್ದ. “ಹೃದಯ ಹಿಗ್ತಾ ಇದೆ. ಚಿತ್ರದಲ್ಲಿ ಕಾಣ್ತಾ ಇದೆ. ಎಷ್ಟು ಚೆನ್ನಾಗಿ ಕಾಣ್ತಾ ಇದೆ ಗೊತ್ತಾ!”

ವಿನಾಳೂ ಅತ್ತಳು. ಆದರೆ ಅವಳ ಅಳುವಿನಲ್ಲಿ ಎರಡು ಪಾಲಿತ್ತು.

ಹನ್ನೊಂದಕ್ಕೆ ಮಳೆ ಹೋಯಿತು. ತಿಬೋ ಕೋಳಿಮರಿಯಂತೆ ತೊಯ್ದು ಆಫೀಸಿಗೆ ಬಂದ. ಬರುವ ದಾರಿಯಲ್ಲಿ ಸ್ಮಶಾನಕ್ಕೆ ಹೋಗಿ ಆಂಟೆನಾ ಬಿಚ್ಚಿಕೊಂಡು, ಚಿತ್ರ ತೆಗೆಯುತ್ತಿದ್ದ ಫೋನನ್ನೂ ಇಸಿದುಕೊಂಡು ಬಂದಿದ್ದ. ಮೇಜಿನ ಮೇಲೆ ಇಟ್ಟ. “ಕಳ್ಸೋದು ನಿಂತ್ರೂ ಫೋನು ತನ್ನೊಳಗೆ ತುಂಬ್ಕೊಂಡಿದೆ. ಪೂರ್ತಿ ಇದೆ.” ಅಂಗಿಯ ನೀರು ಹಿಂಡುತ್ತಾ, “ಜೆಸ್ಸಾ ಮಾತಾಡ್ಲಿಲ್ಲ. ನಾನೂ ಮಾತಾಡ್ಸಲಿಲ್ಲ,” ಎಂದ.

“ಆ ಹುಡುಗಿ ಯಾರದಂತೆ, ನೊಂಗ್?”

“ಬಂದರಿನ ಆಚೆ ತುದೀಲಿ ದೋಣಿ ಮನೆಗಳಿಲ್ವಾ, ಅವ್ರದ್ದು. ಸಮುದ್ರದ ಜನ. ಅವರಮ್ಮ ಆಸ್ಪತ್ರೆ ಮೆಟ್ಟಿಲ ಮೇಲೆ ಕೂತಿದಾಳೆ, ಒಳಗೆ ಬಾ ಅಂದ್ರೂ ಬರಲ್ಲ.”

ಆ ಜನ ಮೂರು ವರ್ಷದಿಂದ ಅಲ್ಲಿದ್ದರು. ಮುತ್ತು ಮಾರಲು ಊರೊಳಗೆ ಬರುತ್ತಿದ್ದರು. ಅವರು ಮಕ್ಕಳನ್ನು ಚರ್ಚಿಗೆ ತರುವುದಿಲ್ಲ, ಯಾರನ್ನೂ ಧರ್ಮತಾಯಿಯಾಗು ಎಂದು ಕೇಳುವುದಿಲ್ಲ. ಊರಿನಲ್ಲಿ ಅವರಿಗೆ ಮಾರೆ ಎನ್ನುವವರು ಒಬ್ಬರೂ ಇರಲಿಲ್ಲ.

ಅಷ್ಟರಲ್ಲಿ ತಿಬೋನ ಮೊಬೈಲಿನಲ್ಲಿ ಮೇಯರ್ ಬಂದರು, ಮೂರನೆಯ ಸಾಲಿನಿಂದ ಕುಂಟುತ್ತ. ಬಡ ಮಗುವೊಂದರ ಜೀವಕ್ಕಾಗಿ ತಾವೇ ಖುದ್ದಾಗಿ ನೇರ ಪ್ರಸಾರ ನಿಲ್ಲಿಸಲು ಆಜ್ಞೆ ಕೊಟ್ಟುದಾಗಿ ಬರೆಸಿದ್ದರು. ಕೆಳಗೆ ಸಾವಿರ ಜನ ಕೈಮುಗಿದಿದ್ದರು. “ನೋಡು, ಸೋಮವಾರ ನೀನು ಕೆಲ್ಸಕ್ಕೆ ಬರ್ಬಹುದು,” ಎಂದ ತಿಬೋ.

ವಿನಾ ಮಣ್ಣಿನ ವಿಡಿಯೊವನ್ನು ವೆಲ್ಮರ್‌ಗೆ ಕಳಿಸಲು ಕೂತಳು. ಯಾವ ಸಾಲಿಗೆ ಹಾಕುವುದು? ಕೆಂಪು ಪಟ್ಟಿಯಲ್ಲಿ ಒಂದು ನಂಬರು ಬರೆದರೆ ಹತ್ತು ನಿಮಿಷದಲ್ಲಿ ಹೋಗುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಸೆಬುವಿನ ಡಾಕ್ಟರು ಸಂಜೆಯವರೆಗೂ ಆ ಹೃದಯವನ್ನು ನೋಡುತ್ತಲೇ ಇರಬೇಕೆಂದಿದ್ದರು, ಮತ್ತೆ ನೀರು ತುಂಬಬಹುದು, ಮತ್ತೆ ಮಳೆ ಬರಬಹುದು. ಯಾರಿಗೂ ನಷ್ಟವಿಲ್ಲದ ಉಪಕಾರ ಎಂಬ ಮಾತು ಅವಳ ತಲೆಯಲ್ಲಿ ಒಮ್ಮೆ ಸುಳಿಯಿತು. ಮೈಯೆಲ್ಲ ಉರಿದುಹೋಯಿತು. ವಿಡಿಯೊವನ್ನು ಮೂರನೆಯ ಸಾಲಿಗೆ ಹಾಕಿದಳು.

ನೂರರಲ್ಲಿ ಒಂದು ಪಾಲು ಹೋಗಲು ನಾಲ್ಕು ನಿಮಿಷ ಹಿಡಿಯಿತು. ವಿನಾ ಕುರ್ಚಿ ಎಳೆದುಕೊಂಡು ಅದರ ಮುಂದೆ ಕೂತಳು. ಸತ್ತವರನ್ನು ಒಂಟಿಯಾಗಿ ಬಿಡಬಾರದೆಂದು ಇಕ್ಕೋನ ಮನೆಯಲ್ಲಿ ಆರು ದಿನ ಹಗಲೂ ಇರುಳೂ ಯಾರಾದರೊಬ್ಬರು ಪೆಟ್ಟಿಗೆಯ ಪಕ್ಕ ಇಸ್ಪೀಟಾಡುತ್ತಾ ಕೂತೇ ಇದ್ದರು. ಅವಳೂ ಎರಡು ದಿನ ಕೂತಿದ್ದಳು. ಹಾಗೆಯೇ ಕೂತಳು. ತಿಬೋ ಕೆಳಗಿನಿಂದ ಬನ್ನು, ಕಾಫಿ ತಂದಿಟ್ಟು, ತಾನೂ ಪಕ್ಕದಲ್ಲಿ ಕೂತ. ಮೊಬೈಲು ಇಪ್ಪತ್ತೆಂಟು ಸಲ ಮಾರೆ, ಮಾರೆ ಎಂದು ಬಡಿದುಕೊಂಡಿತು. ಯಾರ ಮನೆಯನ್ನೂ ಅವಳು ಮತ್ತೆ ಬರೆಯಲಿಲ್ಲ.

ಸೂರ್ಯ ಮುಳುಗುವ ಹೊತ್ತಿಗೆ ವಿಡಿಯೊ ಪೂರ್ತಿ ಹೋಯಿತು. ಅರ್ಧ ಗಂಟೆಯ ಮೇಲೆ ವೆಲ್ಮರ್‌ನಿಂದ ಬರಹ ಬಂತು.

‘ನೋಡ್ದೆ ನಾಂಗ್. ಮಗೂನ ದಾಟ್ಸಿದ್ದೂ ನೋಡ್ದೆ. ಜೆಸ್ಸಾ ಎಲ್ಲಾ ಹೇಳಿದ್ಲು. ನೀವು ಮಾಡಿದ್ದು ಸರಿ ಇರ್ಬಹುದು. ಆದ್ರೆ ಅಪ್ಪ ಇಳಿಯೋವಾಗ ನಾನು ಕಪ್ಪು ಪರದೆ ನೋಡ್ತಾ ಕೂತಿದ್ದೆ. ಆ ಸಿಟ್ಟು ಹೋಗಲ್ಲ.’

ಅವಳು ಓದಿ ಮುಗಿಸುವುದರೊಳಗೆ ಇನ್ನೊಂದು ಬಂತು.

‘ಆ ಹುಡುಗಿ ಹೆಸರೇನು?’

ವಿನಾ ಬೆರಳು ಎತ್ತಿದವಳು ಹಾಗೇ ನಿಂತಳು. ಮೂವತ್ತೊಂದು ಹೆಸರು ಅವಳಿಗೆ ಕಣ್ಣು ಮುಚ್ಚಿದರೂ ಬರುತ್ತಿದ್ದವು, ಇವತ್ತು ಒಂದೊಂದನ್ನೂ ತನ್ನ ಕೈಯಾರೆ ಅಳಿಸಿದ್ದಳು. ಯಾರಿಗಾಗಿ ಅಳಿಸಿದಳೋ ಅವಳ ಹೆಸರನ್ನು ಬೆಳಗಿನಿಂದ ಒಮ್ಮೆಯೂ ಕೇಳಿರಲಿಲ್ಲ. ಚೋನಾಳಿಗಿಂತ ತಾನೇನು ಹೆಚ್ಚು ಎಂದು ಅನ್ನಿಸಿತು. ಆಸ್ಪತ್ರೆಗೆ ಫೋನು ಮಾಡಿದಳು.

“ನುರ್ಸಿಯಾ, ಮ್ಯಾಮ್,” ಎಂದ ಡಾಕ್ಟರ್. “ಈಗಷ್ಟೇ ಗಂಜಿ ಕುಡಿದ್ಲು. ಅವರಮ್ಮನೂ ಒಳಗೆ ಬಂದ್ರು. ಯಾಕೆ, ಏನಾದ್ರೂ ಫಾರಂ ತುಂಬ್ಬೇಕಿತ್ತಾ?”

“ಇಲ್ಲ. ಸುಮ್ನೆ ಕೇಳ್ದೆ.”

ಹೆಸರನ್ನು ವೆಲ್ಮರ್‌ಗೆ ಬರೆದು ಕಳಿಸಿದಳು. ಅವನು ಓದಿದ ಗುರುತು ಬಿತ್ತು. ಅವಳು ಪಟ್ಟಿ ತೆರೆದು, ಆಸ್ಪತ್ರೆಯ ನಂಬರಿನ ಪಕ್ಕ ಬೆಳಿಗ್ಗೆ ಖಾಲಿ ಬಿಟ್ಟಿದ್ದ ಖಾನೆಯಲ್ಲಿ ‘ನುರ್ಸಿಯಾ’ ಎಂದು ಬರೆದಳು. ಪೆಟ್ಟಿಗೆ ಅರ್ಧ ನಿಮಿಷ ಯೋಚನೆ ಮಾಡಿ ಒಪ್ಪಿಕೊಂಡಿತು.